ಯಾರೂ ಎಣಿಸದ ಹಲ್ಲುಗಳು

ಬೀರುವಿನ ಬಾಗಿಲು ತೆಗೆದ ಕೂಡಲೇ ಮೂಗಿಗೆ ಬಡಿದದ್ದು ಸುಟ್ಟ ವಾರ್ನಿಷ್ ವಾಸನೆ.

ನಾನು ಅಲ್ಲೇ ನಿಂತುಬಿಟ್ಟೆ. ನಮ್ಮ ಕ್ಲಬ್ಬಿನಲ್ಲಿ ಈ ವಾಸನೆ ಯಾರಿಗೂ ಹೊಸದಲ್ಲ. ಅತಿಯಾಸೆಗೆ ಬಿದ್ದು ಮೋಟಾರಿಗೆ ದೊಡ್ಡ ಗೇರ್ ಹಾಕಿದವರೆಲ್ಲ ಒಂದಲ್ಲ ಒಂದು ದಿನ ಇದನ್ನು ಮೂಸಿದವರೇ. ಆದರೆ ಈ ಬೀರುವಿನಲ್ಲಿ ಇದ್ದದ್ದು ಒಂದೇ ಟ್ರಕ್. ಅದು ಒಂದು ವರ್ಷದಿಂದ ಓಡಿರಲಿಲ್ಲ. ಅದರ ಯಜಮಾನ ತೀರಿಕೊಂಡು ಹನ್ನೊಂದು ತಿಂಗಳಾಗಿತ್ತು.

ರಾಡೊವಾನನ ಹಸಿರು ಟ್ರಕ್. ರಿಮೋಟಿನಲ್ಲಿ ಓಡುವ ಮೊಳದುದ್ದದ ಆಟಿಕೆ ಅನ್ನುವವರು ಅನ್ನಲಿ, ನಮಗೆ ಅದು ಆಟಿಕೆಯಲ್ಲ. ಅದರ ಮೇಲ್ಗವಚ ಎತ್ತಿದೆ. ಮೋಟಾರಿನೊಳಗಿನ ವಾರ್ನಿಷ್ ಬಳಿದ ತಾಮ್ರದ ಸುರುಳಿ ಕರ್ರಗೆ ಹೊತ್ತಿಹೋಗಿತ್ತು. ಮೂರು ವೈರುಗಳ ಹೊದಿಕೆ ಕರಗಿ ಜೋತುಬಿದ್ದಿತ್ತು. ಹಿಂದಿನ ದಿನ ಸಂಜೆ ಆರಕ್ಕೆ ನಾನೇ ಧೂಳು ಹೊಡೆದು ಬೀಗ ಹಾಕಿ ಹೋಗಿದ್ದೆ. ಆಗ ಎಲ್ಲವೂ ಸರಿಯಾಗಿತ್ತು.

ಶನಿವಾರ, ಬೆಳಿಗ್ಗೆ ಎಂಟು. ಹನ್ನೊಂದಕ್ಕೆ ಅವನ ಹೆಂಡತಿ ಬ್ಲಾಝೆನಾ ಬರುವವಳಿದ್ದಳು. ಅವಳಿಗೆ ಏನು ಹೇಳಲಿ?

ನಮ್ಮದು ಮೊರಾವಿಯಾದ ದ್ರಾಕ್ಷಿತೋಟಗಳ ನಡುವಿನ ಸಣ್ಣ ಊರು. ಹಿಂದೆ ಹೊಲಗಳಿಗೆ ಔಷಧಿ ಸಿಂಪಡಿಸುವ ವಿಮಾನಗಳು ಇಳಿಯುತ್ತಿದ್ದ ಕಾಂಕ್ರೀಟ್ ಪಟ್ಟಿ ಈಗ ನಮ್ಮ ಓಟದ ದಾರಿ. ಪೈಲಟ್‌ಗಳು ಚಹಾ ಕುಡಿಯುತ್ತಿದ್ದ ಕೋಣೆ ನಮ್ಮ ಕ್ಲಬ್. ಒಳಗೆ ಗೋಡೆಗೆ ಒಂದು ಕರಿಹಲಗೆ. ಅದರ ಮೇಲೆ ಅತಿ ವೇಗದ ಓಟಗಳ ಸಂಖ್ಯೆ, ಎದುರಿಗೆ ಹೆಸರು. ಅದನ್ನು ಬರೆಯುವ, ಅಳಿಸುವ ಅಧಿಕಾರ ಕ್ಲಬ್ಬಿನ ಅಧ್ಯಕ್ಷನಾದ ನನ್ನದು.

ಹೋದ ವರ್ಷ ಅಕ್ಟೋಬರಿನಲ್ಲಿ ರಾಡೊವಾನ್ ಬಂದು ಹೇಳಿದ್ದ: "ಆಲೆಶ್, ಬರ್ಕೋ. ನೂರಾ ಹನ್ನೆರಡು." ಗಂಟೆಗೆ ನೂರಾ ಹನ್ನೆರಡು ಕಿಲೋಮೀಟರ್! ನಾನು ಖುಷಿಯಲ್ಲಿ ಬರೆದೂಬಿಟ್ಟೆ. ಆದರೆ ಅವನು ಓಡಿಸಿದ್ದು ಒಬ್ಬನೇ, ಮಂಗಳವಾರ ಸಂಜೆ, ವೇಗ ಅಳೆಯುವ ರೇಡಾರನ್ನು ಮುಕ್ಕಾಲಿಯ ಮೇಲೆ ನಿಲ್ಲಿಸಿಕೊಂಡು. ಸಾಕ್ಷಿ ಯಾರೂ ಇರಲಿಲ್ಲ. ನೂರಾ ನಾಲ್ಕರಲ್ಲಿ ಮೊದಲಿಗನಾಗಿದ್ದ ಕಾಮಿಲ್ ಸಭೆಯಲ್ಲಿ ಎದ್ದು ನಿಂತ. ನಿಯಮ ಅಂದರೆ ನಿಯಮ ಎಂದು ನಾನು ಒದ್ದೆ ಬಟ್ಟೆ ತೆಗೆದುಕೊಂಡು ಅಳಿಸಿದೆ. ರಾಡೊವಾನ್ ನನ್ನ ಮುಖ ನೋಡಿದ. "ನಾನು ಸುಳ್ಳು ಹೇಳ್ತೀನಾ?" ಅಂದ, ಅಷ್ಟೇ. ಮುಂದಿನ ವಾರವೇ ಆಸ್ಪತ್ರೆ ಸೇರಿದ. ನವೆಂಬರ್ ಮುಗಿಯುವ ಮೊದಲೇ ಹೋಗಿಬಿಟ್ಟ. ಆಸ್ಪತ್ರೆಯಲ್ಲಿ ನಮ್ಮಿಬ್ಬರ ನಡುವೆ ನಡೆದ ಮಾತನ್ನು ಕೊನೆಗೆ ಹೇಳುತ್ತೇನೆ. ಈಗ ಹೇಳಲು ನನಗೆ ಧೈರ್ಯವಿಲ್ಲ.

ಈ ಬೇಸಿಗೆಯಲ್ಲಿ ಬ್ಲಾಝೆನಾ ನನ್ನ ಬಾಗಿಲಿಗೆ ಬಂದಳು. "ನವೆಂಬರಲ್ಲಿ ಸತ್ತೋರ ಹಬ್ಬಕ್ಕೆ ಅವನ ಸಮಾಧಿಗೆ ದೀಪ ಇಡೋಕೆ ಹೋಗ್ತೀನಿ. ಅಷ್ಟರೊಳಗೆ ಆ ಸಂಖ್ಯೆ ಹಲಗೆ ಮೇಲೆ ಇರಬೇಕು. ಆಗದಿದ್ರೆ ಆಗಲ್ಲ ಅಂತ ಗೊತ್ತಾಗ್ಲಿ. ಊರಲ್ಲಿ ಜನ ಅವನನ್ನ ಸುಳ್ಳುಗಾರ ಅಂತಿದ್ದಾರೆ, ಆಲೆಶ್. ರೊಟ್ಟಿ ಅಂಗಡೀಲಿ ನನ್ನ ಬೆನ್ನ ಹಿಂದೇನೇ ಅಂದ್ರು."

ಅದಕ್ಕೇ ಈ ಶನಿವಾರದ ಓಟ. ಕಾಮಿಲ್ ತಕರಾರು ತೆಗೆಯದಿರಲಿ ಎಂದು ನಾನೇ ಷರತ್ತು ಹಾಕಿದ್ದೆ. ರಾಡೊವಾನ್ ಇಟ್ಟುಹೋದ ಹಾಗೇ ಟ್ರಕ್ ಓಡಬೇಕು, ಒಂದು ಸ್ಕ್ರೂ ಕೂಡ ಮುಟ್ಟಬಾರದು. ಓಡಿಸುವವನು ಲುಬೋರ್, ರಾಡೊವಾನನ ನಲವತ್ತು ವರ್ಷದ ಗೆಳೆಯ. ಹೊರಗಿನ ಸಾಕ್ಷಿಯಾಗಿ ಹೆಡ್ವಿಕಾ. ಅವರು ಮೂವತ್ತೆರಡು ವರ್ಷ ತೂಕ-ಅಳತೆ ಇಲಾಖೆಯಲ್ಲಿದ್ದು ಮಾರುಕಟ್ಟೆಯ ತಕ್ಕಡಿ, ಪೆಟ್ರೋಲ್ ಬಂಕಿನ ಮೀಟರು ಪರೀಕ್ಷಿಸಿ ನಿವೃತ್ತರಾದವರು. ಅವರ ಹೆಸರು ಕೇಳಿದರೆ ಈಗಲೂ ಕಟುಕರ ಕೈ ತಕ್ಕಡಿಯಿಂದ ತಾನಾಗಿ ಹಿಂದೆ ಸರಿಯುತ್ತದೆ.

ಅವರಿಗೇ ಫೋನ್ ಮಾಡಿದೆ. ಇಪ್ಪತ್ತು ನಿಮಿಷದಲ್ಲಿ ಸೈಕಲ್ ಮೇಲೆ ಬಂದರು.

"ಮುಟ್ಟಿದ್ರಾ?"

"ಮೇಲಿನ ಕವಚ ಎತ್ತಿದೆ."

"ಆಮೇಲೆ?"

"ಆಮೇಲೆ ಕೂತ್ಕೊಂಡೆ."

"ಅಧ್ಯಕ್ಷರು ಮಾಡೋ ಕೆಲಸವೇ ಅದು," ಎಂದು ಕನ್ನಡಕ ಮೂಗಿಗೇರಿಸಿ ಬಗ್ಗಿದರು. ಟ್ರಕ್ಕಿನ ಚಕ್ರಕ್ಕೆ ಬೆರಳಿಟ್ಟರು. ಉಬ್ಬುಗಳ ನಡುವಿನಿಂದ ಏನನ್ನೋ ಉಗುರಲ್ಲಿ ಕಿತ್ತು ನನ್ನ ಅಂಗೈಗೆ ಹಾಕಿದರು. ಹುಲ್ಲಿನ ಬೀಜ. ಇನ್ನೂ ಒದ್ದೆ.

"ವರ್ಷದಿಂದ ಬೀರುವಿನಲ್ಲಿದ್ದ ಟ್ರಕ್ಕಿಗೆ ಇವತ್ತಿನ ಇಬ್ಬನಿ ಎಲ್ಲಿಂದ ಬಂತು?"

 "ಯಾರೋ ಓಡಿಸಿದ್ದಾರೆ!"

"ಆ ರೇಡಾರ್ ನಿನ್ನೆ ಎಲ್ಲಿತ್ತು?"

"ಮೇಲಿನ ಹಲಗೆ ಮೇಲೆ. ನಾನೇ ಇಟ್ಟಿದ್ದು—" ಅರ್ಧಕ್ಕೇ ನಿಲ್ಲಿಸಿದೆ. ಅದು ಕೆಳಗಿನ ಹಲಗೆಯ ಮೇಲಿತ್ತು.

"ಹಂಗಾದ್ರೆ ಓಡಿಸಿದ್ದಷ್ಟೇ ಅಲ್ಲ. ಅಳತೆ ಮಾಡಿದ್ದಾರೆ." ಅವರು ಕೆಲಸದ ಮೇಜಿನ ತುದಿಯಲ್ಲಿ ಸಾಮಾನು ಕಚ್ಚಿ ಹಿಡಿಯುವ ವೈಸ್ ಹತ್ತಿರ ಹೋದರು. ಅದರ ದವಡೆಯಲ್ಲಿ ಅಲ್ಯುಮಿನಿಯಂ ಚೂರು ಹೊಳೆಯುತ್ತಿತ್ತು. ಟ್ರಕ್ಕಿನ ಹೊಟ್ಟೆಯ ಕೆಳಗೆ, ಮೋಟಾರಿನ ಬಲವನ್ನು ಚಕ್ರಗಳಿಗೆ ಒಯ್ಯುವ ಉದ್ದನೆಯ ದಂಡದ ಮೇಲೆ ಎರಡು ಹೊಸ ಕಚ್ಚು. "ದಂಡವನ್ನ ಇಲ್ಲಿ ಕಚ್ಚಿಸಿ ರಿಮೋಟಿನ ಗುಂಡಿ ಪೂರ್ತಿ ಒತ್ತಿ ಹಿಡಿದ್ರೆ?"

"ಮೋಟಾರ್ ತಿರುಗೋ ಹಾಗಿಲ್ಲ, ಕರೆಂಟ್ ಮಾತ್ರ ನುಗ್ಗುತ್ತೆ. ಅರ್ಧ ನಿಮಿಷದಲ್ಲಿ ಬೂದಿ."

"ಹೊಸ ಮೋಟಾರ್ ಹಾಕಿದ್ರೆ?"

"ಇಂಥದ್ದು ಎಲ್ಲೂ ಸಿಗಲ್ಲ, ಹೆಡ್ವಿಕಾ ಅವರೇ. ಅದರ ತಂತೀನ ಅವನೇ ಕೈಯಾರೆ ಸುತ್ತಿದ್ದ. ಇಡೀ ಒಂದು ಚಳಿಗಾಲ."

ಅವರು ಆಮೇಲೆ ಮೋಟಾರಿನ ಪಕ್ಕದ ಕಪ್ಪು ಪ್ಲಾಸ್ಟಿಕ್ ಮುಚ್ಚಳವನ್ನು ತೋರಿಸಿದರು. "ಇದರೊಳಗೆ?"

"ಗೇರ್. ಅದನ್ನ ಮಾತ್ರ ತೆಗೀಬೇಡಿ."

"ಯಾಕೆ?"

ಹೇಗೆ ವಿವರಿಸಲಿ? ನಮ್ಮಲ್ಲಿ ಒಬ್ಬನ ವಯಸ್ಸು ಕೇಳಬಹುದು, ಪಿಂಚಣಿ ಕೇಳಬಹುದು, ಹೆಂಡತಿ ಯಾಕೆ ಬಿಟ್ಟುಹೋದಳು ಎಂದೂ ಕೇಳಬಹುದು. ಪಿನಿಯನ್ನಿಗೆ ಎಷ್ಟು ಹಲ್ಲು ಎಂದು ಕೇಳಬಾರದು. ಮೋಟಾರಿನ ತುದಿಗೆ ಕೂರುವ ಸಣ್ಣ ಗೇರ್ ಅದು. ಹಲ್ಲು ಹೆಚ್ಚಾದರೆ ವೇಗ ಹೆಚ್ಚು, ಜೊತೆಗೆ ಬಿಸಿಯೂ ಹೆಚ್ಚು. ಒಂದು ಹಲ್ಲು ಅತಿಯಾದರೆ ಮೋಟಾರ್ ಹೊತ್ತಿಹೋಗುತ್ತದೆ. ತನ್ನ ಮೋಟಾರ್ ಎಷ್ಟು ಹಲ್ಲು ತಡೆಯುತ್ತದೆ ಎಂದು ತಿಳಿಯಲು ಒಂದೊಂದೇ ಗೇರ್ ಹಾಕಿ, ಓಡಿಸಿ, ಮೋಟಾರಿನ ಮೇಲೆ ಬೆರಳಿಟ್ಟು ಐದು ಎಣಿಸಿ, ಬಿಚ್ಚಿ, ಮತ್ತೆ ಹಾಕಿ... ರಾಡೊವಾನ್ ಎರಡು ಬೇಸಿಗೆ ಇದನ್ನೇ ಮಾಡಿದ್ದ. ವೇಗವನ್ನೂ ಬಿಸಿಯನ್ನೂ ನೋಟ್‌ಬುಕ್ಕಿನಲ್ಲಿ ಬರೆಯುತ್ತಿದ್ದ. ಹಲ್ಲಿನ ಲೆಕ್ಕ ತಲೆಯಲ್ಲೇ ಇರುತ್ತಿತ್ತು. ಲುಬೋರನಿಗೂ ಹೇಳಿರಲಿಲ್ಲ, ಲುಬೋರ್ ಕೇಳಿಯೂ ಇರಲಿಲ್ಲ. ಇನ್ನೊಬ್ಬನ ಗೇರ್ ಮುಚ್ಚಳ ಬಿಚ್ಚುವುದು ನಮ್ಮಲ್ಲಿ ಇನ್ನೊಬ್ಬನ ಕಾಗದ ಒಡೆದು ಓದಿದ ಹಾಗೆ.

ಹೆಡ್ವಿಕಾ ಎಲ್ಲವನ್ನೂ ಕೇಳಿಸಿಕೊಂಡರು. ಭೂತಗನ್ನಡಿ ತೆಗೆದು ಆ ಮುಚ್ಚಳದ ನಾಲ್ಕು ಸ್ಕ್ರೂಗಳನ್ನು ಒಂದೊಂದಾಗಿ ನೋಡಿದರು. ತಲೆಯ ಗುಳಿಗಳಲ್ಲಿ ಹಳೆಯ ಮಣ್ಣು ಗಟ್ಟಿಯಾಗಿ ಕೂತಿತ್ತು. ನಾನೂ ನೋಡಿದೆ. ನನಗೇನೂ ಅನ್ನಿಸಲಿಲ್ಲ.

"ಇಲ್ಲಿನ ಕೀಲಿಕೈ ಯಾರ್ಯಾರ ಹತ್ರ ಇದೆ?"

"ನನ್ನ ಹತ್ರ, ಕಾಮಿಲ್ ಹತ್ರ, ಲುಬೋರ್ ಹತ್ರ."

"ಅಂದ್ರೆ ನೀವೂ ಸಾಲಲ್ಲಿದ್ದೀರಿ. ಇವತ್ತು ಟ್ರಕ್ ನೂರಾ ಹನ್ನೆರಡು ಓಡಿದ್ರೆ, ಅಳಿಸಿದ ಅಧ್ಯಕ್ಷರ ಮರ್ಯಾದೆ ಏನಾಗ್ತಿತ್ತು?"

ನನಗೆ ಸಿಟ್ಟು ಬಂತು. ಬಂದ ಸಿಟ್ಟು ಬಾಯಿಗೆ ಬರುವ ಮೊದಲೇ ಇಳಿದುಹೋಯಿತು, ಏಕೆಂದರೆ ಅವರ ಮಾತು ಸರಿಯಾಗಿತ್ತು.

ಒಂಬತ್ತೂವರೆಗೆ ಕಾಮಿಲ್ ಬಂದ. ಟೈರ್ ಅಂಗಡಿಯವನು. ಅವನಿಗಿಂತ ಹತ್ತು ಹೆಜ್ಜೆ ಮುಂದೆ ಅವನ ದನಿ ಬರುತ್ತದೆ.

"ಏನ್ರೀ ಅಧ್ಯಕ್ಷರೇ, ಮುಖ ಯಾಕೆ ಹುಳಿ ತಿಂದಂಗಾಗಿದೆ? ನನ್ನ ನೂರಾ ನಾಲ್ಕು ಇವತ್ತೂ ಅಲ್ಲಾಡಲ್ಲ ಅಂತ ಗೊತ್ತಾಯ್ತಾ?"

ನಾನು ಟ್ರಕ್ ತೋರಿಸಿದೆ. ಅವನ ನಗು ಅರ್ಧಕ್ಕೇ ನಿಂತಿತು.

"ಅಯ್ಯೋ. ಯಾವ ಪಾಪಿ ಮಾಡಿದ್ದು ಇದನ್ನ?"

"ಬೆಳಿಗ್ಗೆ ಎಲ್ಲಿದ್ರಿ?" ಹೆಡ್ವಿಕಾ ಕೇಳಿದರು.

"ಹಾಸಿಗೇಲಿ. ಹೆಂಡತೀನ ಕೇಳಿ. ನಾನು ಗೊರಕೆ ಹೊಡೀತಿದ್ದೆ ಅಂತ ಬೇಕಾದ್ರೆ ಪ್ರಮಾಣ ಮಾಡ್ತಾಳೆ."

"ಈ ಮೋಟಾರ್ ಸುಟ್ಟು ಲಾಭ ಆಗೋದು ನಿಮಗೇ ಅಲ್ವಾ?"

"ಲಾಭವಾ!" ಕಾಮಿಲ್ ಕೆಂಪಾದ. "ಕೇಳಿ ಇಲ್ಲಿ. ನಾನು ಅವನ ಮಾತು ನಂಬಲಿಲ್ಲ. ಎಲ್ಲರ ಎದುರಿಗೇ ಹೇಳಿದೆ, ಈಗಲೂ ಹೇಳ್ತೀನಿ. ಆದ್ರೆ ಈ ಟ್ರಕ್ ಒಬ್ಬನೇ ಇದ್ದಾಗ ನನ್ನ ಕೈಗೆ ಸಿಕ್ಕಿದ್ರೆ ಮೊದಲು ಏನ್ ಮಾಡ್ತಿದ್ದೆ ಗೊತ್ತಾ? ಆ ಕಪ್ಪು ಮುಚ್ಚಳ ಬಿಚ್ಚಿ ಹಲ್ಲು ಎಣಿಸ್ತಿದ್ದೆ! ಐದು ವರ್ಷದಿಂದ ನಿದ್ದೇಲೂ ಅದನ್ನೇ ಎಣಿಸ್ತಿದ್ದೀನಿ. ಮರ್ಯಾದೆ ಗಿರ್ಯಾದೆ ಆಮೇಲೆ."

"ನಿಜ ಹೇಳಿದ್ದಕ್ಕೆ ಥ್ಯಾಂಕ್ಸ್," ಎಂದರು ಹೆಡ್ವಿಕಾ. ಅದನ್ನು ಅವರು ಗಂಭೀರವಾಗಿಯೇ ಹೇಳಿದರು.

ಹತ್ತಕ್ಕೆ ಲುಬೋರ್. ರೈಲ್ವೆ ಸಿಗ್ನಲ್ ಮನೆಯಲ್ಲಿ ಕೆಲಸ ಮಾಡಿ ನಿವೃತ್ತನಾದ ಉದ್ದನೆಯ ಮನುಷ್ಯ, ಮಾತು ಕಡಿಮೆ. ಕೈಯಲ್ಲಿ ಚಹಾ ಫ್ಲಾಸ್ಕು, ಬಗಲಲ್ಲಿ ಬ್ಯಾಟರಿ ಪೆಟ್ಟಿಗೆ. ನಾನು ವಿಷಯ ಹೇಳಿದೆ. ಅವನು ಟ್ರಕ್ ಕಡೆ ಒಮ್ಮೆ ಮಾತ್ರ ನೋಡಿದ.

"ಹೋಯ್ತಾ," ಎಂದ. ಸ್ವಲ್ಪ ಹೊತ್ತಿನ ಮೇಲೆ, "ಇನ್ನು ಓಡಿಸೋ ಹಾಗಿಲ್ಲ. ಆಗ್ತಿತ್ತು ಅಂತಲೂ ಯಾರೂ ಹೇಳೋ ಹಾಗಿಲ್ಲ, ಆಗ್ತಿರಲಿಲ್ಲ ಅಂತಲೂ ಹೇಳೋ ಹಾಗಿಲ್ಲ. ಅಲ್ವಾ?"

"ಬೆಳಿಗ್ಗೆ ಎಲ್ಲಿಗೆ ಹೋಗಿದ್ರಿ?" ಹೆಡ್ವಿಕಾ ಅವನ ಬೂಟು ನೋಡುತ್ತ ಕೇಳಿದರು.

"ಕಾಡಿಗೆ. ಅಣಬೆಗೆ."

"ಸಿಕ್ತಾ?"

"ಇಲ್ಲ."

"ಈ ವಾರ ನಮ್ಮನೆ ಹಿತ್ತಲಲ್ಲೇ ಬುಟ್ಟಿ ತುಂಬ ಸಿಕ್ಕಿದೆ."

ಲುಬೋರ್ ಫ್ಲಾಸ್ಕಿನ ಮುಚ್ಚಳ ತೆಗೆದ, ಮತ್ತೆ ಹಾಕಿದ. ಗೆಳೆಯನನ್ನು ಎರಡನೇ ಸಲ ಕಳೆದುಕೊಂಡವನ ಸಂಕಟ ಎಂದು ನಾನು ಅವನ ಹೆಗಲ ಮೇಲೆ ಕೈಯಿಟ್ಟೆ.

ಹನ್ನೊಂದಕ್ಕೆ ಸರಿಯಾಗಿ ಬ್ಲಾಝೆನಾ ಬಂದಳು. ಮೈಮೇಲೆ ರಾಡೊವಾನನ ಹಳೆಯ ಕಂದು ಕೋಟು. ತೋಳು ಎರಡು ಮಡಿಕೆ ಮಡಚಿದ್ದಳು. ಅವನು ಹೋದ ಮೇಲೆ ಚಳಿಗೆ ಅದನ್ನೇ ಹಾಕುತ್ತಾಳೆ. ಕೈಯಲ್ಲಿ ಬುಟ್ಟಿ, ಅದರಲ್ಲಿ ಬಟ್ಟೆ ಮುಚ್ಚಿದ ಬಿಸಿ ಕೊಲಾಚ್ ರೊಟ್ಟಿಗಳು. ಒಣ ಪ್ಲಮ್ ಹಣ್ಣಿನ ಹೂರಣದವು, ರಾಡೊವಾನನಿಗೆ ಇಷ್ಟವಾದವು.

ನಾನು ಹೇಳಬೇಕಾದ್ದನ್ನು ಹೇಳಿದೆ. ಅವಳು ಬುಟ್ಟಿಯನ್ನು ಮೇಜಿನ ಮೇಲಿಟ್ಟಳು. ಬಟ್ಟೆಯ ಮೂಲೆ ಸರಿಮಾಡಿದಳು.

"ಹಂಗಾದ್ರೆ ಇವತ್ತು ಇಲ್ವಾ?"

ನಾನು ಕರಗಿದ ವೈರುಗಳನ್ನು ತೋರಿಸಿದೆ.

"ಯಾವತ್ತೂ ಇಲ್ವಾ?"

"ಬ್ಲಾಝೆನಾ ಅವರೇ," ಹೆಡ್ವಿಕಾ ಮೆಲ್ಲಗೆ ಕೇಳಿದರು, "ಈ ಗೇರ್ ಮುಚ್ಚಳ ತೆಗೀಬೇಕು. ಈಗ ಟ್ರಕ್ ನಿಮ್ಮದು. ನೀವು ಹೂಂ ಅಂದ್ರೆ ಮಾತ್ರ."

"ಬೇಡ!" ಎಂದವನು ಲುಬೋರ್. ಅವನ ದನಿ ಅಷ್ಟು ಏರಿದ್ದನ್ನು ನಾನು ಕೇಳಿಯೇ ಇರಲಿಲ್ಲ. "ಬದುಕಿದ್ದಾಗ ಅವನು ಯಾರಿಗೂ ತೋರಿಸಲಿಲ್ಲ. ಸತ್ತ ಮೇಲೆ ಯಾಕೆ? ಅಷ್ಟಾದ್ರೂ ಮರ್ಯಾದೆ ಇರಲಿ."

ಬ್ಲಾಝೆನಾ ಅವನನ್ನು ನೋಡಿದಳು, ಟ್ರಕ್ ನೋಡಿದಳು. "ತೆಗೀರಿ," ಎಂದಳು.

ಸ್ಕ್ರೂಗಳ ಗುಳಿಯಲ್ಲಿ ಕೂತ ಮಣ್ಣನ್ನು ಸೂಜಿಯಿಂದ ಕೆದಕಿ ತೆಗೆಯಲು ನನಗೆ ಐದು ನಿಮಿಷ ಹಿಡಿಯಿತು. ನಾಲ್ಕನೇ ಸ್ಕ್ರೂ ಬಿಚ್ಚಿದೆ. ಮುಚ್ಚಳ ಬಂತು. ಕಾಮಿಲ್ ನನ್ನ ಕಿವಿಯ ಪಕ್ಕ ಉಸಿರು ಬಿಡುತ್ತ ಎಣಿಸತೊಡಗಿದ. ಅವನ ಬಾಯಿಂದ ಸಂಖ್ಯೆ ಹೊರಟಿತು.

"ಹದಿನಾರು?"

ಮತ್ತೆ ಎಣಿಸಿದ. ಹದಿನಾರೇ.

"ಹದಿನಾರು ಹಲ್ಲಲ್ಲಿ ನೂರಾ ಹನ್ನೆರಡಾ? ಹುಡುಗಾಟವಾ? ಇದು ಹುಲ್ಲಲ್ಲಿ ಸುಮ್ನೆ ಓಡಾಡಿಸೋಕೆ ಹಾಕೋ ಗೇರು! ತೊಂಬತ್ತು ದಾಟಿದ್ರೆ ನನ್ನ ಮೀಸೆ ಬೋಳಿಸ್ತೀನಿ." ಅಷ್ಟರಲ್ಲಿ ಬ್ಲಾಝೆನಾಳ ಮುಖ ಕಂಡು ನಾಲಿಗೆ ಕಚ್ಚಿಕೊಂಡ. "ಕ್ಷಮಿಸು, ಬ್ಲಾಝೆನಾ. ಆದ್ರೆ... ಹದಿನಾರು."

ಲುಬೋರ್ ಹಿಂದೆ ಸರಿದು ಬೆಂಚಿನ ಮೇಲೆ ಕುಸಿದು ಕೂತ.  ಗೆಳೆಯನ ಸುಳ್ಳು ಬಯಲಾಯಿತಲ್ಲ ಎಂದು ಅವನಿಗೆ ಹೀಗಾಗಿದೆ ಎಂದುಕೊಂಡೆ. ಎಂಥ ದಡ್ಡ ನಾನು!

ಹೆಡ್ವಿಕಾ ಮಾತ್ರ ಗೇರನ್ನು ನೋಡುತ್ತಲೇ ಇರಲಿಲ್ಲ. ಮೋಟಾರನ್ನು ಕೂರಿಸುವ ಅಲ್ಯುಮಿನಿಯಂ ಫಲಕದ ಮೇಲೆ ಅವರ ಭೂತಗನ್ನಡಿ ನಿಂತಿತ್ತು.

"ಆಲೆಶ್ ಅವರೇ, ಈ ಫಲಕದಲ್ಲಿ ಸ್ಕ್ರೂ ತೂತು ಯಾಕೆ ಉದ್ದಕ್ಕಿದೆ?"

"ಮೋಟಾರ್ ಹಿಂದೆ ಮುಂದೆ ಸರಿಸೋಕೆ. ಸಣ್ಣ ಗೇರ್ ಹಾಕಿದ್ರೆ ಮೋಟಾರನ್ನ ಎದುರಿನ ದೊಡ್ಡ ಹಲ್ಲುಚಕ್ರದ ಹತ್ರ ತರಬೇಕು. ದೊಡ್ಡ ಗೇರ್ ಆದ್ರೆ ದೂರ ಸರಿಸಬೇಕು. ಇಲ್ಲಾಂದ್ರೆ ಹಲ್ಲಿಗೆ ಹಲ್ಲು ಕೂರಲ್ಲ."

"ಸ್ಕ್ರೂ ಬಿಗಿ ಮಾಡಿದಾಗ ವಾಷರ್ ಒತ್ತಿ ಗುರುತು ಬೀಳುತ್ತೆ, ಅಲ್ವಾ?"

"ಬೀಳುತ್ತೆ."

"ಈಗ ಸ್ಕ್ರೂ ಇರೋದು ಇಲ್ಲಿ. ಹಾಗಾದ್ರೆ ಆ ತುದೀಲಿ, ಅಷ್ಟು ದೂರದಲ್ಲಿ, ಹೊಳೀತಾ ಇರೋ ಆ ಉಂಗುರ ಯಾವ ಗೇರಿಂದು?"

ನಾನು ಬಗ್ಗಿ ನೋಡಿದೆ. ಉಂಗುರದ ಗುರುತು ಸ್ಪಷ್ಟವಾಗಿತ್ತು. ಯಾರೋ ಜೋರಾಗಿ, ಬಹಳ ಜೋರಾಗಿ ಬಿಗಿದ ಗುರುತು. ಅಷ್ಟು ದೂರಕ್ಕೆ ಮೋಟಾರ್ ಸರಿಯಬೇಕಾದರೆ ಇಪ್ಪತ್ತರ ಮೇಲೆಯೇ ಹಲ್ಲಿರಬೇಕು.

"ಬ್ಲಾಝೆನಾ ಅವರೇ, ಹೋದ ವರ್ಷ ಆ ಮಂಗಳವಾರ ಸಂಜೆ ಅವರು ಹಾಕ್ಕೊಂಡಿದ್ದು ಯಾವ ಬಟ್ಟೆ?"

"ಇದೇ ಕೋಟು."

"ಜೇಬಲ್ಲಿ ಏನಾದ್ರೂ ಇತ್ತಾ?"

ಬ್ಲಾಝೆನಾಳ ಬಲಗೈ ಆಗಲೇ ಜೇಬಿನಲ್ಲಿತ್ತು. ವರ್ಷದಿಂದ ಅವಳು ಅಂಗಡಿಯಲ್ಲಿ, ಚರ್ಚಿನಲ್ಲಿ, ಬಸ್ಸಿಗೆ ಕಾಯುವಾಗ ಆ ಜೇಬಿನಲ್ಲಿ ಬೆರಳಾಡಿಸುತ್ತ ನಿಲ್ಲುವುದನ್ನು ಊರೆಲ್ಲ ಕಂಡಿತ್ತು. ನಿಧಾನವಾಗಿ ಕೈ ಹೊರಗೆ ತೆಗೆದಳು. ಅಂಗೈಯಲ್ಲಿ ಒಂದು ಉಕ್ಕಿನ ಗೇರ್, ಸವರಿ ಸವರಿ ಕನ್ನಡಿಯಂತಾಗಿತ್ತು.

"ಇದೊಂದೇ ಇತ್ತು. ಏನಂತ ನನಗೆ ಗೊತ್ತಿಲ್ಲ. ಅವನದ್ದು ಅಂತ ಇಟ್ಕೊಂಡಿದ್ದೆ."

ನಾನು ಹದಿನಾರರ ಗೇರ್ ಬಿಚ್ಚಿ ಅದನ್ನು ಕೂರಿಸಿ ಮೋಟಾರನ್ನು ಸರಿಸಿದೆ. ಹಲ್ಲಿಗೆ ಹಲ್ಲು ಕೂತಾಗ ವಾಷರ್ ಆ ಉಂಗುರದ ಮೇಲೆ ಕೂದಲೆಳೆಯೂ ತಪ್ಪದೆ ನಿಂತಿತು. ಕಾಮಿಲ್ ಕೇಳದೆಯೇ ಎಣಿಸಿದ.

"ಇಪ್ಪತ್ತೊಂದು." ಅವನ ದನಿ ಇಳಿದಿತ್ತು. "ಇಪ್ಪತ್ತೊಂದು ಹಲ್ಲು ತಡೆಯೋ ಮೋಟಾರ್ ಸುತ್ತಿದ್ನಾ ಆ ಮುದುಕ!"

"ಓಟ ಮುಗಿದ ಮೇಲೆ ರಾಡೊವಾನ್ ದೊಡ್ಡ ಗೇರ್ ತೆಗೆದು ಜೇಬಿಗೆ ಹಾಕ್ಕೊಂಡ್ರು," ಹೆಡ್ವಿಕಾ ಹೇಳಿದರು. "ಟ್ರಕ್ ಇರೋದು ಕ್ಲಬ್ಬಿನ ಬೀರುವಿನಲ್ಲಿ. ಗುಟ್ಟು ಅಲ್ಲಿ ಬಿಟ್ಟು ಹೋಗೋಕಾಗುತ್ತಾ? ಸಣ್ಣ ಗೇರ್ ಹಾಕಿ, ಹುಲ್ಲಲ್ಲಿ ಸುಮ್ನೆ ಓಡಾಡಿಸಿ ಇಟ್ರು. ಆಮೇಲೆ ಅದನ್ನ ಬದಲಾಯಿಸೋಕೆ ಅವರು ವಾಪಸ್ ಬರಲೇ ಇಲ್ಲ."

"ಸುಟ್ಟವರು ಯಾರು?" ನಾನು ಕೇಳಿದೆ. ಕೇಳುವಾಗಲೇ ಉತ್ತರ ಬೇಡವೆನ್ನಿಸಿತು.

ಅವರು ಕುರ್ಚಿ ಎಳೆದು ಕೂತರು. ಲುಬೋರ್ ಕಡೆ ನೋಡಲಿಲ್ಲ.

"ಬೆಳಿಗ್ಗೆ ಒಬ್ಬರು ಬಂದ್ರು. ಟ್ರಕ್ ಓಡಿಸಿದ್ರು, ರೇಡಾರಲ್ಲಿ ಅಳೆದ್ರು, ಆಮೇಲೆ ಸುಟ್ರು. ಹದಿನಾರು ಹಲ್ಲು, ಅಂದ್ರೆ ಅವರು ಕಂಡಿದ್ದು ತೊಂಬತ್ತಕ್ಕಿಂತ ಕಡಿಮೆ. ಈಗ ಹೇಳಿ. ಅದನ್ನ ಕಾಮಿಲ್ ಕಂಡಿದ್ರೆ?"

"ಕುಣಿದುಬಿಡ್ತಿದ್ದೆ," ಕಾಮಿಲ್ ತಲೆ ತಗ್ಗಿಸಿ ಅಂದ. "ಹಾಗೇ ವಾಪಸ್ ಇಟ್ಟು, ಎಲ್ಲರೆದುರು ಓಡ್ಲಿ ಅಂತ ಕಾಯ್ತಿದ್ದೆ."

"ಅಧ್ಯಕ್ಷರು ಕಂಡಿದ್ರೆ? ಅಳಿಸಿದ್ದು ಸರಿಯಾಯ್ತು ಅಂತ ನೆಮ್ಮದಿಯಾಗಿ ನಿದ್ದೆ ಮಾಡ್ತಿದ್ರು. ಕಡಿಮೆ ವೇಗ ಕಂಡು, ಅದು ಇನ್ಯಾರ ಕಣ್ಣಿಗೂ ಬೀಳಬಾರದು ಅಂತ ಸುಡೋರು ಯಾರು? ರಾಡೊವಾನ್ ಮೇಲೆ ಪ್ರೀತಿ ಇದ್ದೋರು ಮಾತ್ರ." ಅವರು ಬಿಚ್ಚಿಟ್ಟ ನಾಲ್ಕು ಸ್ಕ್ರೂಗಳನ್ನು ಬೆರಳಲ್ಲಿ ಮುಂದೆ ತಳ್ಳಿದರು. "ಇನ್ನೊಂದಿದೆ. ನಾವೆಲ್ಲ ಇದನ್ನ ನೋಡಿದ್ವಿ, ಗಮನಿಸಲಿಲ್ಲ. ಈ ಸ್ಕ್ರೂಗಳಲ್ಲಿ ವರ್ಷದ ಮಣ್ಣು ಹಾಗೇ ಇತ್ತು. ಟ್ರಕ್ ಕೈಗೆ ಸಿಕ್ಕಿದೆ, ಸುತ್ತ ಯಾರೂ ಇಲ್ಲ, ವೇಗ ಯಾಕೋ ಕಡಿಮೆ ಬಂದಿದೆ. ಆದ್ರೂ ಗೇರ್ ಮುಚ್ಚಳ ಬಿಚ್ಚಿ ನೋಡಲಿಲ್ಲ. ಗೆಳೆಯನ ಮೋಟಾರ್ ಸುಡೋಕೆ ಕೈ ಬಂತು, ಅವನ ಗುಟ್ಟು ನೋಡೋಕೆ ಬರಲಿಲ್ಲ. ಅಂಥ ಮನುಷ್ಯ ಈ ಕ್ಲಬ್ಬಲ್ಲಿ ಎಷ್ಟು ಜನ ಇದ್ದಾರೆ, ಲುಬೋರ್ ಅವರೇ?"

ಲುಬೋರ್ ಎರಡೂ ಕೈಗಳನ್ನು ಮೊಣಕಾಲಿನ ನಡುವೆ ಸಿಕ್ಕಿಸಿಕೊಂಡು ಕೂತಿದ್ದ.

"ಎಂಬತ್ತಾರು," ಎಂದ. "ಮೂರು ಸಲ ಓಡಿಸಿದೆ. ಮೂರು ಸಲಾನೂ ಎಂಬತ್ತಾರು. ಇವತ್ತು ಎಲ್ಲರೆದುರು ಏನಾದ್ರೂ ಆಗ್ಬಾರದು ಅಂತ ಒಂದು ಸಲ ನೋಡೋಣ ಅಂತ ಬಂದಿದ್ದೆ, ಅಷ್ಟೇ. ಬ್ಲಾಝೆನಾ ಇಲ್ಲಿ ನಿಂತು ಆ ಎಂಬತ್ತಾರನ್ನ ನೋಡ್ಬೇಕಾ? ಸುಟ್ಟುಹೋದ್ರೆ ಕನಿಷ್ಠ ಪಕ್ಷ... ಯಾರೂ ಏನೂ ಅನ್ನೋ ಹಾಗಿರಲ್ಲ. ಅವನ ಹೆಸರು ಉಳಿಸೋಣ ಅಂತ—"

ಹೆಡ್ವಿಕಾ ಸೀಮೆಸುಣ್ಣ ತೆಗೆದುಕೊಂಡು ಮೇಜಿನ ಮೇಲೆಯೇ ಬರೆದರು. "ಹದಿನಾರು ಹಲ್ಲಿಗೆ ಎಂಬತ್ತಾರು. ಒಂದು ಹಲ್ಲಿಗೆ ಐದು ಚಿಲ್ಲರೆ. ಇಪ್ಪತ್ತೊಂದಕ್ಕೆ?"

ಕಾಮಿಲ್ ತುಟಿ ಅಲ್ಲಾಡಿಸಿ ಗುಣಿಸಿದ. ಟೈರ್ ವ್ಯಾಪಾರಿ, ಲೆಕ್ಕದಲ್ಲಿ ಚುರುಕು. ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡ.

"ನೂರಾ ಹನ್ನೆರಡು," ಅಂದ. "ಮೇಲೆ ಚೂರು. ಅದು ಗಾಳಿಗೆ ಹೋಗುತ್ತೆ."

 ಲುಬೋರ್ ಬೆಳಿಗ್ಗೆ ಕಂಡ ಎಂಬತ್ತಾರೇ ರಾಡೊವಾನನ ಮಾತಿಗೆ ಸಾಕ್ಷಿಯಾಗಿತ್ತು. ಅದನ್ನು ಕಣ್ಣಾರೆ ಕಂಡು, ಅರ್ಥವಾಗದೆ, ಅವನು ತನ್ನ ಕೈಯಾರೆ ಮೋಟಾರ್ ಸುಟ್ಟಿದ್ದ. ಆ ಮುಚ್ಚಳ ಬಿಚ್ಚಿದ್ದರೆ ಸಾಕಿತ್ತು. ಕಾಮಿಲ್‌ನಂಥ ಮರ್ಯಾದೆಗೆಟ್ಟವನಾಗಿದ್ದರೂ ಸಾಕಿತ್ತು.

ಬ್ಲಾಝೆನಾ ಹೋಗಿ ಲುಬೋರನ ಎದುರು ನಿಂತಳು. ಬೈಯುತ್ತಾಳೆ ಎಂದುಕೊಂಡೆ. ಅವಳ ದನಿ ಏರಲೇ ಇಲ್ಲ.

"ಕಾಮಿಲ್ ನಂಬಲಿಲ್ಲ. ಅವನಿಗೂ ರಾಡೊವಾನನಿಗೂ ಮೊದಲಿಂದ ಆಗ್ತಿರಲಿಲ್ಲ. ಆಲೆಶ್ ನಿಯಮ ನೋಡಿದ. ಅವನ ಬುದ್ಧಿಯೇ ಅಷ್ಟು. ನೀನು ನಲವತ್ತು ವರ್ಷ ನಮ್ಮ ಮನೇಲಿ ಉಂಡಿದ್ದೀಯ. ಎಂಬತ್ತಾರು ಕಂಡಾಗ, 'ಇಲ್ಲ, ರಾಡೊವಾನ್ ಸುಳ್ಳು ಹೇಳಲ್ಲ, ಏನೋ ತಪ್ಪಾಗಿದೆ' ಅಂತ ಒಂದು ಸಲಾನೂ ಅನ್ನಿಸಲಿಲ್ವಾ?"

 "ಅನ್ನಿಸಲಿಲ್ಲ," ಎಂದ ಲುಬೋರ್. "ಮೊದಲಿಂದಾನೂ... ನನಗೆ ಅನುಮಾನ ಇತ್ತು."

"ಅವನ ಹೆಸರು ಉಳಿಸೋಕೆ ಹೋದೆ ಅಂದೆ. ಅವನ ಹೆಸರಿಗೆ ಏನಾಗಿತ್ತು, ಲುಬೋರ್?"

 ಆ ಉದ್ದನೆಯ ಮನುಷ್ಯ ಮುಖ ಮುಚ್ಚಿಕೊಂಡು ಅತ್ತ. ಬ್ಲಾಝೆನಾ ಅವನನ್ನು ಸಮಾಧಾನ ಮಾಡಲಿಲ್ಲ. ಬುಟ್ಟಿಯ ಬಟ್ಟೆ ಸರಿಸಿ ಎಲ್ಲರಿಗೂ ಒಂದೊಂದು ಕೊಲಾಚ್ ಕೊಟ್ಟಳು. ಅವನ ಕೈಗೂ ಒಂದು ಇಟ್ಟಳು. ಅವನು ಅದನ್ನು ಹಿಡಿದುಕೊಂಡೇ ಇದ್ದ, ತಿನ್ನಲಿಲ್ಲ.

ನಾನು ಹಲಗೆಯ ಬಳಿ ಹೋದೆ. ಎಲ್ಲಕ್ಕಿಂತ ಮೇಲೆ, ನಾನು ಒರೆಸಿದ ಬಿಳಿ ಕಲೆ ಇನ್ನೂ ಇದ್ದ ಜಾಗದಲ್ಲಿ, 112 ಎಂದು ಬರೆದೆ. ಎದುರಿಗೆ ಅವನ ಹೆಸರು. ಸಾಕ್ಷಿಯ ಅಂಕಣದಲ್ಲಿ ಏನು ಬರೆಯಲಿ ಎಂದು ನಿಂತೆ.

"ಬರೀರಿ," ಹಿಂದಿನಿಂದ ಕಾಮಿಲ್ ಹೇಳಿದ. "ಒಂದು, ಲುಬೋರ್. ಇನ್ನೊಂದು, ನಾನು. ಹಲ್ಲು ಎಣಿಸಿದವನು ನಾನೇ ತಾನೇ?"

ಬರೆದೆ. ಬರೆದು ಮುಗಿಸಿ ಸೀಮೆಸುಣ್ಣ ಕೆಳಗಿಟ್ಟೆ. ಮೋಟಾರ್ ಸುಟ್ಟವನು ಲುಬೋರ್. ಆದರೆ ಅದಕ್ಕೂ ಮೊದಲು ಆ ಸಂಖ್ಯೆಯನ್ನು ಅಳಿಸಿದವನು ನಾನು. ಅವನ ಅನುಮಾನಕ್ಕೆ ನೀರೆರೆದದ್ದು ನನ್ನ ಒದ್ದೆ ಬಟ್ಟೆ. ಇನ್ನು ಮುಚ್ಚಿಟ್ಟು ಪ್ರಯೋಜನವಿರಲಿಲ್ಲ.

"ಬ್ಲಾಝೆನಾ, ಆಸ್ಪತ್ರೇಲಿ ರಾಡೊವಾನ್ ನನ್ನನ್ನ ಒಂದು ಮಾತು ಕೇಳಿದ್ದ. 'ಹಲಗೆ ಮೇಲೆ ವಾಪಸ್ ಬರೆದ್ಯಾ?' ಅಂತ. ನಾನು... ಬರೆದಿದ್ದೀನಿ ಅಂದೆ. ಸುಳ್ಳು ಹೇಳಿದೆ. ನೆಮ್ಮದಿಯಾಗಿರಲಿ ಅಂತ."

ಅವಳು ಹಲಗೆಯನ್ನೇ ನೋಡುತ್ತಿದ್ದಳು.

"ಗೊತ್ತು," ಎಂದಳು. "ನೀನು ಹೋದ ಮೇಲೆ ಹೇಳಿದ. 'ಆಲೆಶ್ ಪಾಪ, ಅವನಿಗೆ ಸುಳ್ಳು ಹೇಳೋಕೆ ಬರಲ್ಲ' ಅಂತ. ಆಮೇಲೆ ಗೋಡೆ ಕಡೆ ತಿರುಗಿ ಮಲಗಿದ."

ಇಪ್ಪತ್ತೊಂದು ಹಲ್ಲಿನ ಗೇರನ್ನು ಬಿಚ್ಚಿ ಕೊಡು ಎಂದು ಕೇಳಿದಳು. ಕೊಟ್ಟೆ. ಅದನ್ನು ಕೋಟಿನ ಜೇಬಿಗೆ ಹಾಕಿಕೊಂಡು, ಖಾಲಿ ಬುಟ್ಟಿ ಎತ್ತಿಕೊಂಡು, ಒಬ್ಬಳೇ ಮನೆಗೆ ನಡೆದಳು.